ಕಿಡಿ ಇದೆ, ಪೆಟ್ರೋಲ್ ಇದೆ, ಆದರೂ ಎಂಜಿನ್ ಹತ್ತುತ್ತಿಲ್ಲ: ಒಂದು ಲಾನ್ ಮೋವರ್‌ನ ಪ್ರಕರಣ

ಮಷಿನ್ ತಂದ ಮಾಲೀಕರು ಹೇಳಿದ್ದು ಇಷ್ಟೇ. "ನಾಲ್ಕು ತಿಂಗಳು ಶೆಡ್‌ನಲ್ಲಿ ನಿಂತಿತ್ತು. ಈಗ ಎಷ್ಟು ಎಳೆದರೂ ಸ್ಟಾರ್ಟ್ ಆಗ್ತಿಲ್ಲ. ಬೇರೆ ಏನೂ ಆಗಿಲ್ಲ ನೋಡಿ." ಜೊತೆಗೆ ಅವರ ಮಗ ಬಂದಿದ್ದ. ಹದಿನಾರು ಹದಿನೇಳರ ಹುಡುಗ. ಹುಲ್ಲು ಕತ್ತರಿಸುವ ಕೆಲಸ ಅವನದೇ ಅಂತೆ. "ಒಂದ್ಸಲ ಎಳೆದು ತೋರಿಸೋ" ಅಂದರು ಅಪ್ಪ. ಹುಡುಗ ಹಗ್ಗದ ಹಿಡಿಯನ್ನು ಎರಡೇ ಬೆರಳಲ್ಲಿ ಹಿಡಿದು ಅರೆಮನಸ್ಸಿನಿಂದ ಎಳೆದ. ಎಂಜಿನ್ ಒಂದೆರಡು ಸುತ್ತು ತಿರುಗಿ ನಿಂತಿತು. ಅವನು ಹಿಡಿ ಬಿಟ್ಟು ಬೆರಳು ಉಜ್ಜಿಕೊಂಡ. ಅದನ್ನು ನಾನು ನೋಡಿದೆ. ಆದರೆ ಯಾಕೆ ಅಂತ ಕೇಳಲಿಲ್ಲ.

ತಳ್ಳಿಕೊಂಡು ಹೋಗುವ ಸಾಮಾನ್ಯ ಮೋವರ್ ಅದು. 4 ಸ್ಟ್ರೋಕ್, ಒಂದೇ ಸಿಲಿಂಡರ್, 160 ಸಿಸಿ ಆಸುಪಾಸಿನ ಪೆಟ್ರೋಲ್ ಎಂಜಿನ್. ಪಿಸ್ಟನ್ ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್ ಶಾಫ್ಟ್, ನೆಟ್ಟಗೆ ನಿಂತಿರುತ್ತದೆ. ಅದರ ಮೇಲಿನ ತುದಿಗೆ ಫ್ಲೈವೀಲ್ ಅನ್ನೋ ಭಾರದ ಚಕ್ರ, ಕೆಳಗಿನ ತುದಿಗೆ ಬ್ಲೇಡ್. ಬ್ಯಾಟರಿ ಇಲ್ಲ. ಫ್ಲೈವೀಲ್ ಅಂಚಿನಲ್ಲಿರುವ ಆಯಸ್ಕಾಂತ ಕಾಯಿಲ್ (ತಂತಿ ಸುರುಳಿ) ಪಕ್ಕದಲ್ಲಿ ಹಾದು ಹೋದಾಗ ಪ್ಲಗ್‌ನಲ್ಲಿ ಕಿಡಿ ಬರುತ್ತದೆ. ಬ್ಲೇಡೂ ಫ್ಲೈವೀಲೂ ಒಂದೇ ಶಾಫ್ಟ್‌ನ ಎರಡು ತುದಿ ಅನ್ನೋದನ್ನು ಮಾತ್ರ ನೆನಪಿಟ್ಟುಕೊಳ್ಳಿ. ಈ ಪ್ರಕರಣ ಪೂರ್ತಿ ನಿಂತಿರೋದು ಅದರ ಮೇಲೇ.

ಮೊದಲ ಅರ್ಧ ಗಂಟೆ

ನಾಲ್ಕು ತಿಂಗಳು ನಿಂತ ಮಷಿನ್ ಅಂದ ಕೂಡಲೇ ಯಾರ ಮನಸ್ಸಾದರೂ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಕಡೆ ಹೋಗುತ್ತದೆ. ನನ್ನದೂ ಹೋಯಿತು. ಆದರೂ ಬಿಚ್ಚೋದಕ್ಕೆ ಮುಂಚೆ ಸುಲಭವಾದವನ್ನೆಲ್ಲ ನೋಡಿಬಿಡೋಣ ಅಂತ ಶುರು ಮಾಡಿದೆ. ಟ್ಯಾಂಕ್‌ನಲ್ಲಿ ಪೆಟ್ರೋಲ್ ಅರ್ಧಕ್ಕಿಂತ ಕಡಿಮೆ ಇತ್ತು. ಮುಚ್ಚಳ ತೆಗೆದರೆ ಪೆಟ್ರೋಲಿನ ಚುರುಕು ವಾಸನೆ ಇಲ್ಲ. ಹಳೇ ವಾರ್ನಿಶ್ ಡಬ್ಬಿ ತೆರೆದ ಹಾಗೆ ಮಂದವಾದ, ಮೂಗಿಗೆ ಹತ್ತುವ ವಾಸನೆ. ಎಂಜಿನ್ ಆಯಿಲ್ ಮಟ್ಟ ಸರಿ ಇತ್ತು. ಆಯಿಲ್ ಅಳೆಯುವ ಕಡ್ಡಿ ಮೂಸಿ ನೋಡಿದೆ, ಪೆಟ್ರೋಲ್ ವಾಸನೆ ಇರಲಿಲ್ಲ. ಕಾರ್ಬುರೇಟರ್‌ಗೆ ಬರುವ ಪೆಟ್ರೋಲ್ ತಡೆಯುವ ನೀಡಲ್ ಸರಿಯಾಗಿ ಮುಚ್ಚದೇ ಇದ್ದರೆ ಪೆಟ್ರೋಲ್ ಸೋರಿ ಆಯಿಲ್ ಜೊತೆ ಸೇರಿಬಿಡುತ್ತದೆ. ಅದಕ್ಕೇ ಮೂಸಿ ನೋಡಬೇಕು. ಏರ್ ಫಿಲ್ಟರ್‌ನಲ್ಲಿ ಧೂಳಿತ್ತು, ಆದರೆ ಉಸಿರು ಕಟ್ಟುವಷ್ಟಲ್ಲ.

ಹ್ಯಾಂಡಲ್ ಮೇಲಿನ ಸುರಕ್ಷಾ ಲಿವರ್ ಕೂಡ ನೋಡಿದೆ. ಇದನ್ನು ಬಹಳ ಜನ ಮರೀತಾರೆ. ಲಿವರ್ ಬಿಟ್ಟಾಗ ಎರಡು ಕೆಲಸ ಆಗುತ್ತದೆ. ಒಂದು ಬ್ರೇಕ್ ಪ್ಯಾಡ್ ಫ್ಲೈವೀಲ್‌ಗೆ ಒತ್ತಿ ನಿಲ್ಲುತ್ತದೆ, ಇನ್ನೊಂದು ತಂತಿ ಕಾಯಿಲ್ ಅನ್ನು ಅರ್ತ್ ಮಾಡಿ ಕಿಡಿ ನಿಲ್ಲಿಸುತ್ತದೆ. ಕೇಬಲ್ ಸಡಿಲವಾಗಿದ್ದರೆ ಲಿವರ್ ಒತ್ತಿ ಹಿಡಿದರೂ ಬ್ರೇಕ್ ಪೂರ್ತಿ ಬಿಡೋದಿಲ್ಲ, ಕಿಡಿಯೂ ಬರೋದಿಲ್ಲ. ಇಲ್ಲಿ ಕೇಬಲ್ ಚೆನ್ನಾಗೇ ಎಳೀತಿತ್ತು.

ಪ್ಲಗ್ ಬಿಚ್ಚಿದೆ. ಒಣಗಿತ್ತು. ಇದು ದೊಡ್ಡ ಸುಳಿವು. ಹುಡುಗ ಆ ದಿನ ಬೆಳಿಗ್ಗೆಯೇ ಚೋಕ್ ಹಾಕಿ ಹತ್ತಾರು ಸಲ ಎಳೆದಿದ್ದಾನೆ. ಪೆಟ್ರೋಲ್ ಒಳಗೆ ಹೋಗಿದ್ದರೆ ಪ್ಲಗ್ ತುದಿ ಒದ್ದೆ ಇರಬೇಕಿತ್ತು. ಅಂದರೆ ಪೆಟ್ರೋಲ್ ಸಿಲಿಂಡರ್‌ವರೆಗೆ ಬರ್ತಾನೇ ಇಲ್ಲ.

ಆಮೇಲೆ ಕಿಡಿ. ಸ್ಪಾರ್ಕ್ ಟೆಸ್ಟರ್ ಸಿಕ್ಕಿಸಿ ಎಳೆದೆ. ನೀಲಿ ಕಿಡಿ ಚಟ್ ಚಟ್ ಅಂತ ದಾಟಿತು. ಟೆಸ್ಟರ್ ಇಲ್ಲದವರು ಪ್ಲಗ್ ಅನ್ನೇ ಎಂಜಿನ್ ಲೋಹಕ್ಕೆ ತಾಗಿಸಿ ನೋಡ್ತಾರೆ. ಹಾಗೆ ಮಾಡುವುದಾದರೆ ಪ್ಲಗ್ ರಂಧ್ರದಿಂದ ದೂರ ಹಿಡಿಯಬೇಕು. ಪೆಟ್ರೋಲ್ ಆವಿ ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲು ಸೇರಿದರೂ ಸಾಕು, ಬೆಂಕಿ ಹತ್ತುತ್ತದೆ.

ಕಂಪ್ರೆಶನ್, ಅಂದರೆ ಪಿಸ್ಟನ್ ಗಾಳಿಯನ್ನು ಒತ್ತುವ ಬಲ, ನೋಡೋಕೆ ಪ್ಲಗ್ ರಂಧ್ರದ ಮೇಲೆ ಹೆಬ್ಬೆರಳು ಒತ್ತಿ ಜೋರಾಗಿ ಎಳೆದೆ. ಬೆರಳನ್ನು ಪಟ್ ಅಂತ ತಳ್ಳಿತು. ಈ ಎಂಜಿನ್‌ಗಳಲ್ಲಿ ಗೇಜ್ ಹಾಕಿ ಅಳೆದ ಅಂಕಿಯನ್ನು ಪೂರ್ತಿ ನಂಬೋ ಹಾಗಿಲ್ಲ. ಹಗ್ಗ ಎಳೆಯೋದು ಹಗುರ ಆಗಲಿ ಅಂತ ನಿಧಾನ ತಿರುಗುವಾಗ ವಾಲ್ವ್ ಅನ್ನು ಕೂದಲೆಳೆಯಷ್ಟು ತೆರೆದಿಡುವ ಏರ್ಪಾಡು ಒಳಗೇ ಇರುತ್ತದೆ. ಹಾಗಾಗಿ ಗೇಜ್ ಕಡಿಮೆ ತೋರಿಸುತ್ತದೆ, ಎಂಜಿನ್ ಸವೆದಿದೆ ಅಂತ ಸುಮ್ನೆ ಹೆದರಿಸುತ್ತದೆ.

ಕೊನೆಗೆ ಎಲ್ಲರೂ ಮಾಡುವ ಆ ಪರೀಕ್ಷೆ. ಪ್ಲಗ್ ರಂಧ್ರದಿಂದ ಅರ್ಧ ಚಮಚ ಹೊಸ ಪೆಟ್ರೋಲ್ ಬಿಟ್ಟೆ. ಪ್ಲಗ್ ಹಾಕಿ, ಕ್ಯಾಪ್ ಸಿಕ್ಕಿಸಿ ಎಳೆದೆ. ಮೊದಲ ಸಲ ಏನೂ ಇಲ್ಲ. ಎರಡನೇ ಸಲ "ಢಬ್" ಅಂತ ಒಂದೇ ಒಂದು ಏಟು. ಹಗ್ಗ ನನ್ನ ಕೈಯಿಂದ ಕಿತ್ತುಕೊಂಡು ವಾಪಸ್ ಒಳಗೆ ಹೋಯಿತು. ಬೆರಳ ಸಂದುಗಳು ಝುಂ ಅಂದವು.

"ಹತ್ತಿತು! ಪೆಟ್ರೋಲ್ ಬರ್ತಿಲ್ಲ, ಅಷ್ಟೇ" ಅಂದೆ. ಪ್ಲಗ್ ಒಣಗಿದೆ, ಕಿಡಿ ಇದೆ, ಕಂಪ್ರೆಶನ್ ಇದೆ, ಪೆಟ್ರೋಲ್ ಹಾಕಿದರೆ ಹೊಡೀತದೆ. ಎಲ್ಲಾ ಬೆರಳೂ ಕಾರ್ಬುರೇಟರ್ ಕಡೆಗೇ ತೋರಿಸ್ತಿವೆ. ಮಾಲೀಕರಿಗೂ ಸಮಾಧಾನ ಆಯಿತು.

ನಾನು ತಪ್ಪು ಓದಿದ್ದು ಇಲ್ಲೇ. ಹೀಗೆ ಪೆಟ್ರೋಲ್ ಬಿಟ್ಟಾಗ ಆರೋಗ್ಯವಾದ ಎಂಜಿನ್ ಎರಡು ಮೂರು ಸೆಕೆಂಡ್ ಬರ್ ಅಂತ ಓಡಿ, ಪೆಟ್ರೋಲ್ ಮುಗಿದ ಮೇಲೆ ತಣ್ಣಗೆ ನಿಲ್ಲುತ್ತದೆ. ಅದು ಓಡಬೇಕು. ಇಲ್ಲಿ ಅದು ಓಡಲಿಲ್ಲ. ಒಂದೇ ಏಟು ಹೊಡೆದು ಹಿಂದಕ್ಕೆ ಒದೆಯಿತು. ಇವೆರಡೂ ಒಂದೇ ಅಲ್ಲ. ನಾನು ಹುಡುಕ್ತಿದ್ದ ಉತ್ತರ ಸಿಕ್ಕಿತು ಅನ್ನೋ ಖುಷಿಯಲ್ಲಿ ಆ ವ್ಯತ್ಯಾಸದ ಮೇಲೆ ಕಣ್ಣು ನಿಲ್ಲಲಿಲ್ಲ.

ಕಾರ್ಬುರೇಟರ್ ಒಳಗೆ ಕಂಡದ್ದು

ಟ್ಯಾಂಕ್‌ನ ಪೆಟ್ರೋಲ್ ಪೂರ್ತಿ ಇಳಿಸಿ ಕಾರ್ಬುರೇಟರ್ ಬಿಚ್ಚಿದೆ. ಕೆಳಗಿನ ಬಟ್ಟಲು ತೆಗೆದಾಗ ಅದರ ತಳದಲ್ಲಿ ಒಂದು ಕಡೆ ಹಸಿರು ಬೆರೆತ ಕಂದು ಗಸಿ, ಇನ್ನೊಂದು ಕಡೆ ಮೂರ್ನಾಲ್ಕು ಹನಿ ನೀರು. ನೀರಿನ ಹನಿಗಳು ಪೆಟ್ರೋಲ್ ಕೆಳಗೆ ಪಾದರಸದ ಗುಂಡುಗಳ ಹಾಗೆ ಉರುಳಾಡ್ತಿದ್ದವು. ಫ್ಲೋಟ್ ಮೇಲೆ ತೆಳ್ಳಗಿನ ಹಳದಿ ಪದರ. ಉಗುರಲ್ಲಿ ಕೆರೆದರೆ ಅಂಟು ಅಂಟಾಗಿ ಬರ್ತಿತ್ತು.

ನಿಂತ ಪೆಟ್ರೋಲ್‌ಗೆ ಮೂರು ಕಡೆಯಿಂದ ಏಟು ಬೀಳುತ್ತದೆ. ಬೇಗ ಆವಿಯಾಗುವ ಹಗುರ ಭಾಗ ಮೊದಲು ಹಾರಿಹೋಗುತ್ತದೆ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗೋದು ಆ ಭಾಗದಿಂದಲೇ. ಉಳಿದದ್ದು ಗಾಳಿಯ ಆಮ್ಲಜನಕದ ಜೊತೆ ಸೇರಿ ನಿಧಾನವಾಗಿ ಗೋಂದಾಗುತ್ತದೆ. ಎಥನಾಲ್ ಬೆರೆಸಿದ ಪೆಟ್ರೋಲ್ ಆದರೆ ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ನೂರಕ್ಕೆ 10 ಪಾಲು ಎಥನಾಲ್ ಇರುವ ಪೆಟ್ರೋಲ್ ಹಿಡಿದಿಟ್ಟುಕೊಳ್ಳಬಲ್ಲ ನೀರು ಶೇಕಡಾ ಅರ್ಧದಷ್ಟು ಮಾತ್ರ. ಅದಕ್ಕಿಂತ ಜಾಸ್ತಿ ಆದರೆ ನೀರೂ ಎಥನಾಲೂ ಒಟ್ಟಿಗೆ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಅಳೆದು ಬಿಡುವ ಸಣ್ಣ ರಂಧ್ರದ ತುಂಡು, ಅಂದರೆ ಜೆಟ್, ಹೀರಿಕೊಳ್ಳೋದು ತಳದಿಂದಲೇ ಅಲ್ವಾ? ಹಾಗಾಗಿ ಎಂಜಿನ್‌ಗೆ ಮೊದಲು ಸಿಗೋದು ಆ ನೀರೇ. ಈ ಚಿಕ್ಕ ಎಂಜಿನ್ ಮಾಡುವವರು ಒಂದು ತಿಂಗಳಿಗಿಂತ ಹಳೆಯ ಪೆಟ್ರೋಲ್ ಬಳಸಬೇಡಿ ಅಂತ ಕೈಪಿಡಿಯಲ್ಲಿ ಬರೆಯೋದು ಇದಕ್ಕೇ.

ಮೇನ್ ಜೆಟ್ ಅನ್ನು ಬೆಳಕಿಗೆ ಹಿಡಿದೆ. ಅದರ ರಂಧ್ರ 1 ಮಿ.ಮೀ.ಗಿಂತ ಚಿಕ್ಕದು. ಆಚೆ ಕಡೆಯ ಬೆಳಕು ಕಾಣಲೇ ಇಲ್ಲ. ವಿದ್ಯುತ್ ವೈರ್‌ನ ಒಂದೇ ಒಂದು ತಾಮ್ರದ ಎಳೆ ತೆಗೆದುಕೊಂಡು ಮೆಲ್ಲಗೆ ತೂರಿಸಿದೆ. ಜೆಟ್‌ಗೆ ಉಕ್ಕಿನ ಸೂಜಿ, ಡ್ರಿಲ್ ಬಿಟ್ ಹಾಕಬಾರದು. ಹಿತ್ತಾಳೆ ಮೆತ್ತಗಿನ ಲೋಹ. ರಂಧ್ರ ಕೂದಲಷ್ಟು ದೊಡ್ಡದಾದರೂ ಪೆಟ್ರೋಲ್ ಲೆಕ್ಕ ತಪ್ಪುತ್ತದೆ, ಮತ್ತೆ ಸರಿ ಮಾಡೋಕೆ ಆಗಲ್ಲ. ಕ್ಲೀನರ್ ಸ್ಪ್ರೇ ಹೊಡೆದು ಎಲ್ಲ ದಾರಿಗಳಲ್ಲೂ ಗಾಳಿ ಊದಿದೆ. ಜೆಟ್‌ನಲ್ಲಿ ದುಂಡಗಿನ ಬೆಳಕಿನ ಚುಕ್ಕೆ ಕಾಣಿಸಿದಾಗ ಕೆಲಸ ಮುಗೀತು ಅಂದುಕೊಂಡೆ. ನೀಡಲ್, ಬಟ್ಟಲಿನ ರಬ್ಬರ್ ರಿಂಗ್ ಹೊಸದು ಹಾಕಿದೆ. ಪ್ಲಗ್ ಕೂಡ ಹೊಸದು, ಗ್ಯಾಪ್ 0.76 ಮಿ.ಮೀ. ಟ್ಯಾಂಕ್‌ಗೆ ಹೊಸ ಪೆಟ್ರೋಲ್.

ಎಳೆದೆ. ಕಾರ್ಬುರೇಟರ್ ಬಾಯಿಂದ "ಫಟ್" ಅಂತ ಹೊಗೆ ಉಗಿಯಿತು. ಹಗ್ಗ ಮತ್ತೆ ಕೈಯಿಂದ ಕಿತ್ತುಕೊಂಡಿತು. ಇನ್ನೊಮ್ಮೆ ಎಳೆದರೆ ಮತ್ತೆ ಅದೇ. ಐದಾರು ಸಲ ಆದ ಮೇಲೆ ಪ್ಲಗ್ ಬಿಚ್ಚಿ ನೋಡಿದೆ. ಈಗ ತೊಪ್ಪೆ ಒದ್ದೆ.

ಎರಡನೇ ರೋಗ

ಈಗ ಪೆಟ್ರೋಲ್ ಬರ್ತಿದೆ, ಕಿಡಿ ಇದೆ, ಕಂಪ್ರೆಶನ್ ಇದೆ. ಗಾಳಿಗೂ ತಡೆ ಇಲ್ಲ. ಆದರೂ ಎಂಜಿನ್ ಓಡೋದಿಲ್ಲ. ಇಂಥ ಹೊತ್ತಲ್ಲಿ ಕೈ ತಾನಾಗೇ ಮತ್ತೆ ಕಾರ್ಬುರೇಟರ್ ಕಡೆ ಹೋಗುತ್ತದೆ. ಸರಿಯಾಗಿ ಕ್ಲೀನ್ ಆಗಿಲ್ವೇನೋ, ಹೊಸದೇ ಹಾಕಿಬಿಡೋಣವಾ ಅಂತ. ಬಹಳ ಮಷಿನ್‌ಗಳಿಗೆ ಹೀಗೇ ಬೇಡದ ಸಾಮಾನು ಬೀಳೋದು. ನಾನು ಮಷಿನ್ ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಕಾರ್ಬುರೇಟರ್ ಬಾಯಿಂದ ಬೆಂಕಿ ವಾಪಸ್ ಬರೋಕೆ ಮುಖ್ಯವಾಗಿ ಮೂರು ಕಾರಣ. ಪೆಟ್ರೋಲ್ ತೀರಾ ಕಡಿಮೆ ಬರ್ತಿರಬಹುದು. ಒಳಕ್ಕೆ ಬಿಡುವ ವಾಲ್ವ್ ಪೂರ್ತಿ ಮುಚ್ಚದೇ ಇರಬಹುದು. ಇಲ್ಲವೇ ಕಿಡಿ ತಪ್ಪು ಹೊತ್ತಿಗೆ ಬರ್ತಿರಬಹುದು. ಪ್ಲಗ್ ಒದ್ದೆ ಇರೋದರಿಂದ ಮೊದಲನೆಯದು ಹೋಯಿತು. ಹೆಬ್ಬೆರಳನ್ನು ತಳ್ಳುವಷ್ಟು ಕಂಪ್ರೆಶನ್ ಇರೋದರಿಂದ ಎರಡನೆಯದೂ ಹೋಯಿತು. ಉಳಿದದ್ದು ಟೈಮಿಂಗ್.

ಆಗ ಸ್ಪಾರ್ಕ್ ಟೆಸ್ಟರ್ ಬಗ್ಗೆ ಒಂದು ಮಾತು ನನಗೆ ಸ್ಪಷ್ಟವಾಯಿತು. ಟೆಸ್ಟರ್ ಹೇಳೋದು ಕಿಡಿ ಬಂತು ಅಂತ ಮಾತ್ರ. ಯಾವಾಗ ಬಂತು ಅಂತ ಅದು ಹೇಳೋದಿಲ್ಲ. ಪಿಸ್ಟನ್ ಎಲ್ಲಿದ್ದಾಗ ಆ ನೀಲಿ ಬೆಳಕು ಹಾರಿತು ಅನ್ನೋದು ಅದಕ್ಕೆ ಗೊತ್ತೇ ಇಲ್ಲ. "ಕಿಡಿ ಇದೆ" ಅಂತ ಟಿಕ್ ಹಾಕಿ ಆ ವಿಷಯವನ್ನೇ ನಾನು ಮುಚ್ಚಿಬಿಟ್ಟಿದ್ದೆ.

ಪ್ಲಗ್ ರಂಧ್ರದಲ್ಲಿ ಉದ್ದನೆಯ ಪ್ಲಾಸ್ಟಿಕ್ ಕಡ್ಡಿ ಇಳಿಸಿ, ಫ್ಲೈವೀಲ್ ಕೈಯಲ್ಲಿ ತಿರುಗಿಸಿ ಪಿಸ್ಟನ್ ತುತ್ತತುದಿಗೆ ಬರುವ ಜಾಗ ಗುರುತಿಸಿದೆ. ಪಿಸ್ಟನ್ ಮೇಲೆ ಬಂದಾಗ ಆಯಸ್ಕಾಂತ ಕಾಯಿಲ್ ಅನ್ನು ಆಗಷ್ಟೇ ದಾಟಿರಬೇಕು. ದಾಟಿತ್ತು, ಆದರೆ ಸ್ವಲ್ಪ ಜಾಸ್ತಿಯೇ ದಾಟಿದೆ ಅನ್ನಿಸಿತು. ಹತ್ತು ಡಿಗ್ರಿಯ ವ್ಯತ್ಯಾಸವನ್ನು ಬರೀ ಕಣ್ಣಲ್ಲಿ ಹೇಳೋದು ಕಷ್ಟ. ಬಿಚ್ಚಿ ನೋಡೋದೇ ಸರಿ.

ಪ್ಲಗ್ ಕ್ಯಾಪ್ ಕಿತ್ತು ದೂರ ಕಟ್ಟಿದೆ. ಮೇಲಿನ ಕವಚ, ಹಗ್ಗದ ಸ್ಟಾರ್ಟರ್ ಬಿಚ್ಚಿದೆ. ಫ್ಲೈವೀಲ್ ತಿರುಗದ ಹಾಗೆ ಪಟ್ಟಿ ಹಾಕಿ ಹಿಡಿದು ನಡುವಿನ ನಟ್ ಸಡಿಲಿಸಿದೆ. ರೆಕ್ಕೆಗಳ ನಡುವೆ ಸ್ಕ್ರೂಡ್ರೈವರ್ ಸಿಕ್ಕಿಸಿ ಹಿಡಿಯಬೇಡಿ. ಅವು ಎಂಜಿನ್ ತಣ್ಣಗಿಡುವ ಫ್ಯಾನ್ ರೆಕ್ಕೆಗಳು. ಒಂದು ಮುರಿದರೂ ತೂಕದ ಸಮತೋಲ ತಪ್ಪುತ್ತದೆ.

ನಟ್, ವಾಷರ್ ತೆಗೆದು ಟಾರ್ಚ್ ಬಿಟ್ಟೆ. ಫ್ಲೈವೀಲ್ ಎಳೆಯುವ ಅಗತ್ಯವೇ ಇರಲಿಲ್ಲ, ಮೇಲಿಂದಲೇ ಕಂಡಿತು. ಶಾಫ್ಟ್‌ನಲ್ಲಿ ಒಂದು ಕಚ್ಚು, ಫ್ಲೈವೀಲ್‌ನಲ್ಲಿ ಒಂದು ಕಚ್ಚು. ಎರಡೂ ಎದುರುಬದುರಾಗಿ ಸೇರಿ ಒಂದೇ ಚೌಕ ಆಗಬೇಕು. ಆ ಚೌಕದಲ್ಲಿ ಕೀ ಅನ್ನೋ ಚಿಕ್ಕ ಲೋಹದ ತುಂಡು ಕೂತಿರುತ್ತದೆ. ಇಲ್ಲಿ ಚೌಕ ಇರಲಿಲ್ಲ. ಫ್ಲೈವೀಲ್‌ನ ಕಚ್ಚು ಸುಮಾರು 2 ಮಿ.ಮೀ. ಮುಂದೆ ಸರಿದಿತ್ತು. ನಡುವೆ ಬೂದು ಲೋಹದ ಮೆಟ್ಟಿಲು.

ಪುಲ್ಲರ್ ಹಾಕಿ ಫ್ಲೈವೀಲ್ ಎತ್ತಿ ಕೀ ಹೊರತೆಗೆದೆ. ಉಗುರಷ್ಟು ಚಿಕ್ಕ ತುಂಡು. ಪಕ್ಕದಿಂದ ನೋಡಿದರೆ ನಡುಮಧ್ಯೆ ಕತ್ತರಿಸಿ ಒಂದು ಅರ್ಧವನ್ನು ಪಕ್ಕಕ್ಕೆ ಜಾರಿಸಿದ ಹಾಗೆ. ಪೂರ್ತಿ ತುಂಡಾಗಿರಲಿಲ್ಲ. ಅರ್ಧ ಕೊಯ್ದು ಅಲ್ಲೇ ಅಂಟಿಕೊಂಡಿತ್ತು. ಕೊಯ್ದ ಮುಖ ಹೊಳೀತಿತ್ತು.

ಅದನ್ನು ಅಂಗೈಯಲ್ಲಿಟ್ಟು ಅಪ್ಪ ಮಗ ಇಬ್ಬರಿಗೂ ತೋರಿಸಿದೆ. "ಇದು ಸುಮ್ಮನೆ ನಿಂತಿದ್ದರೆ ಹೀಗಾಗಲ್ಲ. ಬ್ಲೇಡ್ ಯಾವುದಕ್ಕಾದರೂ ತಾಗಿತ್ತಾ?" ಅಂತ ಕೇಳಿದೆ. ಅಪ್ಪ ಇಲ್ಲ ಅಂತ ತಲೆಯಾಡಿಸಿದರು. ಹುಡುಗ ಸ್ವಲ್ಪ ಹೊತ್ತು ನೆಲ ನೋಡಿದ.

"ತಾಗಿತ್ತು ಅಂಕಲ್. ಕೊನೇ ಸಲ ಕತ್ತರಿಸುವಾಗ ಹುಲ್ಲೊಳಗೆ ಒಂದು ಕಲ್ಲಿತ್ತು. ಧಡ್ ಅಂತ ನಿಂತುಹೋಯ್ತು. ಆಮೇಲೆ ಎಳೆದರೆ ಹಗ್ಗ ಕೈಗೆ ಹೊಡೀತಿತ್ತು. ಅಪ್ಪ ಬೈತಾರೆ ಅಂತ ಶೆಡ್‌ನಲ್ಲಿ ಇಟ್ಟುಬಿಟ್ಟೆ."

ಅಪ್ಪ ಬೈಯಲಿಲ್ಲ. "ಅವತ್ತೇ ಹೇಳಬಾರದಿತ್ತೇನೋ" ಅಂದರು, ಅಷ್ಟೇ.

ಒಂದು ಕಲ್ಲು ಏನೇನು ಮಾಡಿತು

ಘಟನೆ ನಡೆದ ಕ್ರಮ ಈಗ ತಿಳಿಯಿತು. ನಾನು ಕಂಡುಹಿಡಿದ ಕ್ರಮಕ್ಕೆ ಅದು ಪೂರ್ತಿ ಉಲ್ಟಾ. ಮೊದಲು ಕಲ್ಲು, ಅದರಿಂದ ಕೀ ಕೊಯ್ದುಹೋಯಿತು, ಎಂಜಿನ್ ಹತ್ತಲಿಲ್ಲ. ಹತ್ತದ ಕಾರಣ ಪೆಟ್ರೋಲ್ ತುಂಬಿಕೊಂಡೇ ಶೆಡ್ ಸೇರಿತು. ನಾಲ್ಕು ತಿಂಗಳಲ್ಲಿ ಜೆಟ್ ಕಟ್ಟಿಕೊಂಡಿತು. ಜೆಟ್ ಕಟ್ಟಿದ ರೋಗವನ್ನು ತಂದದ್ದು ಕೀ ಕೊಯ್ದ ರೋಗವೇ. ಮಾಲೀಕರು ಸುಳ್ಳು ಹೇಳಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಕೊನೆಯ ಅಧ್ಯಾಯ ಮಾತ್ರ.

ಕೀ ಯಾಕೆ ಕೊಯ್ದುಹೋಗುತ್ತದೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ. ಮೋವರ್ ನಿಮಿಷಕ್ಕೆ ಸುಮಾರು 3000 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 50. ಬ್ಲೇಡ್ ಕಲ್ಲಿಗೆ ಬಡಿದ ಕ್ಷಣ ಶಾಫ್ಟ್ ನಿಂತುಬಿಡುತ್ತದೆ. ಮೇಲಿನ ಭಾರವಾದ ಫ್ಲೈವೀಲ್ ತನ್ನ ವೇಗದಲ್ಲೇ ಮುಂದೆ ಹೋಗೋಕೆ ನೋಡುತ್ತದೆ. ಆ ಎಳೆದಾಟ ಪೂರ್ತಿ ಬೀಳೋದು ಇವೆರಡರ ನಡುವಿನ ಚಿಕ್ಕ ಕೀ ಮೇಲೆ. ಅದನ್ನು ಬೇಕಂತಲೇ ಮೆತ್ತಗಿನ ಲೋಹದಲ್ಲಿ ಮಾಡಿರುತ್ತಾರೆ. ಫ್ಲೈವೀಲೋ ಶಾಫ್ಟೋ ಹಾಳಾಗುವ ಬದಲು ಇದು ಹೋಗಲಿ ಅಂತ. ಕೆಲವರು ಇದು ಪದೇ ಪದೇ ಹೋಗುತ್ತೆ ಅಂತ ಉಕ್ಕಿನ ತುಂಡನ್ನು ಉಜ್ಜಿ ಹಾಕ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮುಂದಿನ ಕಲ್ಲಿಗೆ ಹೋಗೋದು ಶಾಫ್ಟ್.

ಇನ್ನು ಆ ಒದೆತ. ಫ್ಲೈವೀಲ್ ಮುಂದೆ ಸರಿದರೆ ಆಯಸ್ಕಾಂತವೂ ಕಾಯಿಲ್ ಹತ್ತಿರ ಮುಂಚಿತವಾಗಿ ಬರುತ್ತದೆ. ಕಿಡಿ ಹೊತ್ತಿಗೆ ಮುಂಚೆ ಹಾರುತ್ತದೆ. ಎಷ್ಟು ಮುಂಚೆ? ಆ ಜಾಗದಲ್ಲಿ ಶಾಫ್ಟ್ ದಪ್ಪ ಸುಮಾರು 20 ಮಿ.ಮೀ. ಸುತ್ತಳತೆ 63 ಮಿ.ಮೀ. ಆಸುಪಾಸು. 360 ಡಿಗ್ರಿಯನ್ನು 63ಕ್ಕೆ ಹಂಚಿದರೆ ಒಂದು ಮಿ.ಮೀ.ಗೆ ಹತ್ತಿರ ಹತ್ತಿರ 6 ಡಿಗ್ರಿ. 2 ಮಿ.ಮೀ. ಜಾರಿದ್ದಕ್ಕೆ 11 ಡಿಗ್ರಿಗೂ ಜಾಸ್ತಿ. ಇಂಥ ಎಂಜಿನ್‌ಗಳಲ್ಲಿ ಪಿಸ್ಟನ್ ಮೇಲೆ ಬರೋದಕ್ಕೆ 20ರಿಂದ 25 ಡಿಗ್ರಿ ಮೊದಲೇ ಕಿಡಿ ಬರುವ ಹಾಗೆ ಇಟ್ಟಿರುತ್ತಾರೆ. ಅದು ಈಗ 30 ದಾಟಿತು. ಎಂಜಿನ್ ವೇಗವಾಗಿ ಓಡ್ತಿದ್ದರೆ ಹೇಗೋ ತಳ್ಳಿಕೊಂಡು ಹೋಗುತ್ತಿತ್ತೇನೋ. ಕೈಯಲ್ಲಿ ಹಗ್ಗ ಎಳೆಯುವ ನಿಧಾನದಲ್ಲಿ ಆಗಲ್ಲ. ಪಿಸ್ಟನ್ ಇನ್ನೂ ಏರ್ತಿರುವಾಗಲೇ ಬೆಂಕಿ ಪೂರ್ತಿ ಹತ್ತಿ ಅದನ್ನು ಕೆಳಕ್ಕೆ ತಳ್ಳುತ್ತದೆ. ಎಂಜಿನ್ ಹಿಂದಕ್ಕೆ ತಿರುಗುತ್ತದೆ. ಹಗ್ಗ ಕೈಯಿಂದ ಕಿತ್ತುಕೊಂಡು ಹೋಗೋದು ಅದಕ್ಕೇ.

ಕಾರ್ಬುರೇಟರ್‌ನಿಂದ ಹೊಗೆ ಉಗಿದದ್ದಕ್ಕೂ ಇದೇ ಕಾರಣ. ಒತ್ತುವ ಸ್ಟ್ರೋಕ್‌ನಿಂದ ಎಂಜಿನ್ ಹಿಂದಕ್ಕೆ ತಿರುಗಿದರೆ ಸಿಗೋದು ಯಾವುದು? ಅದಕ್ಕೂ ಹಿಂದಿನ ಹೀರುವ ಸ್ಟ್ರೋಕ್. ಅಲ್ಲಿ ಒಳಕ್ಕೆ ಬಿಡುವ ವಾಲ್ವ್ ತೆರೆಯುತ್ತದೆ. ಇನ್ನೂ ಉರಿಯುತ್ತಿರುವ ಗಾಳಿಗೆ ಹೊರಹೋಗಲು ಅದೇ ಬಾಗಿಲು. ನೇರವಾಗಿ ಕಾರ್ಬುರೇಟರ್ ಬಾಯಿಗೆ. ಒದೆತವೂ ಆ "ಫಟ್" ಸದ್ದೂ ಒಟ್ಟಿಗೆ ಬಂದರೆ ನಾನೀಗ ಮೊದಲು ನೋಡೋದು ಕೀ.

ಜೋಡಿಸುವ ಮುಂಚೆ

ಬ್ಲೇಡ್ ಹೊಡೆತ ತಿಂದಿದೆ ಅಂತ ಗೊತ್ತಾದ ಮೇಲೆ ಕೀ ಬದಲಿಸಿ ಸ್ಟಾರ್ಟ್ ಮಾಡಿ ಕೊಟ್ಟುಬಿಡೋದು ಸರಿಯಲ್ಲ. ಶಾಫ್ಟ್ ಬಾಗಿದೆಯಾ ಅನ್ನೋದು ನಿಜವಾಗಿ ಭಯ ಪಡಬೇಕಾದ ವಿಷಯ. ಬಾಗಿದ ಶಾಫ್ಟ್‌ನಲ್ಲಿ ಓಡುವ ಬ್ಲೇಡ್ ಮಷಿನ್ ಪೂರ್ತಿ ನಡುಗಿಸುತ್ತದೆ, ಬೋಲ್ಟ್ ಸಡಿಲಿಸುತ್ತದೆ. ಕಾಲಿನ ಪಕ್ಕದಲ್ಲೇ ತಿರುಗುವ ವಸ್ತು ಅದು.

ಮಷಿನ್ ಅನ್ನು ಏರ್ ಫಿಲ್ಟರ್ ಇರುವ ಬದಿ ಮೇಲೆ ಬರುವ ಹಾಗೆ ಮಗ್ಗುಲಿಗೆ ಮಲಗಿಸಿದೆ. ಆ ಬದಿ ಕೆಳಗೆ ಹೋದರೆ ಆಯಿಲ್ ಫಿಲ್ಟರ್‌ಗೂ ಸಿಲಿಂಡರ್‌ಗೂ ನುಗ್ಗುತ್ತದೆ, ಇನ್ನೊಂದು ತಲೆನೋವು. ಬ್ಲೇಡ್‌ನ ಒಂದು ತುದಿಯ ಎದುರು ಡೆಕ್ (ಬ್ಲೇಡ್ ಸುತ್ತಲಿನ ಕವಚ) ಅಂಚಿನಲ್ಲಿ ಗುರುತು ಹಾಕಿ ಅಂತರ ಅಳೆದೆ. ಅರ್ಧ ಸುತ್ತು ತಿರುಗಿಸಿ ಇನ್ನೊಂದು ತುದಿಯನ್ನು ಅದೇ ಗುರುತಿಗೆ ತಂದು ಅಳೆದೆ. ಎರಡರ ನಡುವೆ 3 ಮಿ.ಮೀ. ವ್ಯತ್ಯಾಸ. ಎದೆ ಧಸಕ್ ಅಂತು. ಆದರೆ ಬಾಗಿದ್ದು ಬ್ಲೇಡೂ ಇರಬಹುದಲ್ಲ. ಬ್ಲೇಡ್ ಬಿಚ್ಚಿ, ಪ್ಲಗ್ ತೆಗೆದ ಎಂಜಿನ್ ಅನ್ನು ಕೈಯಲ್ಲಿ ತಿರುಗಿಸುತ್ತಾ ಶಾಫ್ಟ್ ತುದಿಯ ಪಕ್ಕ ಸಣ್ಣ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಹಿಡಿದೆ. ಮುಳ್ಳು ಅಲುಗಾಡಲಿಲ್ಲ ಅನ್ನಬಹುದು. ಬಾಗಿದ್ದು ಬ್ಲೇಡ್ ಮಾತ್ರ.

ಆ ಬ್ಲೇಡ್ ಅನ್ನು ಬೆಳಕಲ್ಲಿ ನೋಡಿದೆ. ಒಂದು ತುದಿಯ ಹರಿತದಲ್ಲಿ ಬೆರಳಗಲ ನೆಗ್ಗು. ನೆಗ್ಗಿನ ಒಳಗೆ ತುಕ್ಕು ಕೂತು ಕಪ್ಪಾಗಿತ್ತು. ನಿನ್ನೆ ಮೊನ್ನೆಯ ಏಟಲ್ಲ, ಶೆಡ್ ಸೇರುವ ಮುಂಚಿನದು ಅಂತ ಆ ತುಕ್ಕೇ ಹೇಳ್ತಿತ್ತು. ಮಷಿನ್ ಬಂದ ದಿನವೇ ಒಮ್ಮೆ ಮಲಗಿಸಿ ನೋಡಿದ್ದರೆ ಅರ್ಧ ದಿನ ಉಳೀತಿತ್ತು. ಈಗ ಸ್ಟಾರ್ಟ್ ಆಗಲ್ಲ ಅಂತ ಯಾವ ಮೋವರ್ ಬಂದರೂ ಪ್ಲಗ್ ಕ್ಯಾಪ್ ಕಿತ್ತು ಮೊದಲು ಬ್ಲೇಡ್ ನೋಡ್ತೀನಿ. ಹಗ್ಗ ಕೈಗೆ ಹೊಡೀತಾ ಅಂತ ಎಳೆದವರನ್ನೇ ಕೇಳ್ತೀನಿ.

ಬಾಗಿದ ಬ್ಲೇಡ್ ಅನ್ನು ಬಡಿದು ನೆಟ್ಟಗೆ ಮಾಡೋದು ಬೇಡ. ಒಮ್ಮೆ ಬಾಗಿದ ಉಕ್ಕಿನಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಹೊಸದು ಹಾಕಿದೆ. ಬೋಲ್ಟ್ ಕೂಡ ಹೊಸದು.

ಮೇಲಿನ ಕಡೆ ಶಾಫ್ಟ್‌ನ ಟೇಪರ್ ಭಾಗ (ತುದಿಯತ್ತ ಸಣ್ಣಗಾಗುವ ಭಾಗ), ಫ್ಲೈವೀಲ್ ಒಳಮೈ ಎರಡನ್ನೂ ಒಣ ಬಟ್ಟೆಯಲ್ಲಿ ಒರೆಸಿದೆ. ಎಣ್ಣೆ, ಗ್ರೀಸ್ ಏನೂ ಹಚ್ಚಬಾರದು. ಫ್ಲೈವೀಲ್ ಅನ್ನು ಹಿಡಿದಿಡೋದು ಕೀ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಿಡಿದಿಡೋದು ಟೇಪರ್‌ನ ಬಿಗಿ. ಕೀ ಕೆಲಸ ಎರಡನ್ನೂ ಸರಿಯಾದ ಜಾಗದಲ್ಲಿ ಸೇರಿಸೋದು ಮಾತ್ರ. ಅದಕ್ಕೇ ನಟ್ ಅನ್ನು ಅಂದಾಜಿನಲ್ಲಿ ಬಿಗಿಯಬಾರದು, ಕೈಪಿಡಿಯಲ್ಲಿ ಕೊಟ್ಟ ಅಳತೆಗೆ ಟಾರ್ಕ್ ವ್ರೆಂಚ್‌ನಲ್ಲೇ ಬಿಗಿಯಬೇಕು. ಸಡಿಲ ಬಿಟ್ಟರೆ ಕಲ್ಲು ಬೇಕಾಗಿಲ್ಲ, ಎಂಜಿನ್‌ನ ಸ್ವಂತ ನಡುಕಕ್ಕೇ ಕೀ ಕೊಯ್ದುಹೋಗುತ್ತದೆ. ಕಾಯಿಲ್‌ಗೂ ಆಯಸ್ಕಾಂತಕ್ಕೂ ನಡುವಿನ ಅಂತರ ಫೀಲರ್ ಗೇಜ್‌ನಲ್ಲಿ ನೋಡಿದೆ. 0.3 ಮಿ.ಮೀ. ಇತ್ತು. ಮುಟ್ಟಲಿಲ್ಲ.

ಸಿಲಿಂಡರ್ ಒಳಗೆ ಪೆಟ್ರೋಲ್ ಜಾಸ್ತಿ ಸೇರಿದ್ದರಿಂದ ಪ್ಲಗ್ ತೆಗೆದು, ಕ್ಯಾಪ್ ದೂರ ಕಟ್ಟಿ, ಏಳೆಂಟು ಸಲ ಎಳೆದು ಒಣಗಿಸಿದೆ. ಆಯಿಲ್ ಕಡ್ಡಿ ಮತ್ತೆ ಮೂಸಿದೆ. ಈ ಸಲ ಸಣ್ಣಗೆ ಪೆಟ್ರೋಲ್ ವಾಸನೆ ಇತ್ತು. ಅಷ್ಟು ಸಲ ಎಳೆದದ್ದರ ಫಲ. ಆಯಿಲ್ ಇಳಿಸಿ ಹೊಸದು ಹಾಕಿದೆ. ಪೆಟ್ರೋಲ್ ಬೆರೆತ ಆಯಿಲ್ ತೆಳ್ಳಗಾಗಿ ಬೇರಿಂಗ್ ಕಾಯೋದಿಲ್ಲ.

ಮಷಿನ್ ಹೊರಗೆ ತಂದು ನಿಲ್ಲಿಸಿದಾಗ ಹುಡುಗ ಎರಡು ಹೆಜ್ಜೆ ದೂರವೇ ನಿಂತಿದ್ದ. ಮೊದಲು ನಾನೇ ಎಳೆದೆ. ಎರಡನೇ ಎಳೆತಕ್ಕೆ ಹತ್ತಿತು. ಸ್ವಲ್ಪ ಬಿಳಿ ಹೊಗೆ ಬಂತು, ಒಂದು ನಿಮಿಷದಲ್ಲಿ ತಿಳಿಯಾಯಿತು. ಚೋಕ್ ತೆಗೆದ ಮೇಲೆ ಸದ್ದು ಒಂದೇ ಸಮ. ಹ್ಯಾಂಡಲ್ ಮೇಲೆ ಕೈ ಇಟ್ಟು ನೋಡಿದೆ, ನಡುಕ ಹೆಚ್ಚಿಲ್ಲ. ಹತ್ತು ನಿಮಿಷ ಓಡಿಸಿ ಲಿವರ್ ಬಿಟ್ಟೆ. ಬ್ಲೇಡ್ ಎರಡು ಮೂರು ಸೆಕೆಂಡಿನಲ್ಲಿ ನಿಂತಿತು.

"ಈಗ ನೀನು ಎಳಿ" ಅಂದೆ. ಅವನು ಅಪ್ಪನ ಮುಖ ನೋಡಿದ, ನನ್ನ ಮುಖ ನೋಡಿದ. ಹಿಡಿಯನ್ನು ಮತ್ತೆ ಎರಡು ಬೆರಳಲ್ಲೇ ಹಿಡಿದ. "ಕೈ ತುಂಬ ಹಿಡ್ಕೋ, ಹೊಡೆಯಲ್ಲ" ಅಂದೆ. ನಾಲ್ಕೂ ಬೆರಳು ಸುತ್ತಿ ಎಳೆದ. ಎಂಜಿನ್ ಹತ್ತಿತು. ಹಗ್ಗ ಮೆಲ್ಲಗೆ ಅವನ ಕೈಯ ಜೊತೆಗೇ ವಾಪಸ್ ಹೋಯಿತು.